ಸ್ಮಶಾನಕ್ಕೂ ಒಬ್ಬ ವಾರಸುದಾರ ಬೇಕು

ಕೇಳುಗರಿಗೆಲ್ಲ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿರುವ ನಮ್ಮ ಕನ್ನಡದವರು ರಜಾ ಬಂತು ಅಂದರೆ ಯೊಸೆಮಿಟಿಗೋ ಲೇಕ್ ಟಾಹೋಗೋ ಹೊರಟುಬಿಡುತ್ತೀರಿ. ಆ ಕಡೆಯ ಬೆಟ್ಟಗಳಲ್ಲಿ ಸೊನೋರಾ, ಜಾಕ್ಸನ್, ಪ್ಲಾಸರ್‌ವಿಲ್ ಅಂತ ಪುಟ್ಟ ಊರುಗಳಿವೆ. ಕಾಫಿ ಕುಡಿದು ಮುಂದೆ ಹೋಗುತ್ತೀರಿ, ಅಲ್ವಾ? ಈ ಮೂರು ಊರಲ್ಲೂ, ಚಿನ್ನ ಹುಡುಕಿಕೊಂಡು ಜನ ನುಗ್ಗಿದ ಕಾಲದ ಯಹೂದಿ ಸ್ಮಶಾನ ಇದೆ. ಅದರ ಬಗ್ಗೆ ನಾನು ಹೇಳೋದು ಒಂದೇ ಮಾತು, ಈಗಲೇ ಹೇಳಿಬಿಡುತ್ತೇನೆ. ಸ್ಮಶಾನಕ್ಕೆ ವಾರಸುದಾರ ಬೇಕು. ಇದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ.

1848ರ ಜನವರಿಯಲ್ಲಿ ಅದೇ ಬೆಟ್ಟಗಳ ಕೊಲೋಮಾದಲ್ಲಿ ಚಿನ್ನ ಸಿಕ್ಕಿತು. ಮರುವರ್ಷ ಜನ ನುಗ್ಗಿದರು. ಜರ್ಮನಿಯ ಬವೇರಿಯಾದಿಂದ, ಈಗ ಪೋಲೆಂಡಿನಲ್ಲಿರುವ ಪೋಸೆನ್ ಕಡೆಯಿಂದ ಯಹೂದಿ ಹುಡುಗರೂ ಬಂದರು. ಗುದ್ದಲಿ ಹಿಡಿದವರು ಕಡಿಮೆ, ಗಣಿಯವರಿಗೆ ಬಟ್ಟೆ, ಬೂಟು, ದಿನಸಿ ಮಾರುವ ಅಂಗಡಿ ಇಟ್ಟವರೇ ಜಾಸ್ತಿ. ನಾಲ್ಕು ಮನೆ ಆಯಿತು ಅಂದರೆ ಸೇರಿ ಒಂದು ಸಂಘ ಮಾಡಿಕೊಳ್ಳುತ್ತಿದ್ದರು. ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುವುದು, ಸತ್ತವರನ್ನು ಮಣ್ಣು ಮಾಡುವುದು ಅದರ ಕೆಲಸ. ಪ್ರಾರ್ಥನಾ ಮಂದಿರ ಎಲ್ಲಿತ್ತು ಅಂತ ಎಲ್ಲರೂ ನನ್ನನ್ನು ಕೇಳುತ್ತಾರೆ. ಅಯ್ಯೋ, ಮಂದಿರ ಆಮೇಲೆ! ಪ್ರಾರ್ಥನೆಗೆ ಹತ್ತು ಜನ ಗಂಡಸರು, ಒಂದು ಬಾಡಿಗೆ ಕೋಣೆ ಸಾಕು. ಹೂಳೋಕೆ ಮಾತ್ರ ಸ್ವಂತ ಜಾಗವೇ ಆಗಬೇಕು, ಯಾಕೆಂದರೆ ಒಮ್ಮೆ ಹೂತವರನ್ನು ಕದಲಿಸಬಾರದು ಅನ್ನೋದು ಅವರ ಸಂಪ್ರದಾಯ. ಸೊನೋರಾದ ಸ್ಮಶಾನ 1853ರದ್ದು. ಜಾಕ್ಸನ್‌ನಲ್ಲಿ 1857ರಲ್ಲಿ ಮಂದಿರ ಕಟ್ಟಿದ್ದರು. ಆ ಕಟ್ಟಡ ಈಗಿಲ್ಲ, ಸ್ಮಶಾನ ಇದೆ.

ಈಗ ನಿಮಗೆಲ್ಲ ಗೊತ್ತಿರುವ ಜಾಗಕ್ಕೆ ಬರೋಣ. ಸ್ಯಾನ್ ಫ್ರಾನ್ಸಿಸ್ಕೋದ ಡೊಲೋರೆಸ್ ಪಾರ್ಕ್. ಭಾನುವಾರ ಚಾಪೆ ಹಾಸಿ, ಮಕ್ಕಳನ್ನು ಆಡಲು ಬಿಟ್ಟು, ಪುಳಿಯೋಗರೆ ಡಬ್ಬಿ ಬಿಚ್ಚುತ್ತೀರಲ್ಲ, ಅದೇ. 1861ರಿಂದ ಅದು ಯಹೂದಿ ಸ್ಮಶಾನವಾಗಿತ್ತು. ಶೆರಿತ್ ಇಸ್ರೇಲ್, ಇಮಾನ್ಯುಎಲ್ ಅಂತ ಎರಡು ಸಭೆಗಳು, ಅಂದರೆ ಒಟ್ಟಿಗೆ ಪ್ರಾರ್ಥನೆ ಮಾಡುವ ಯಹೂದಿ ಸಮುದಾಯಗಳು, ಅಕ್ಕಪಕ್ಕದಲ್ಲಿ ಜಾಗ ಕೊಂಡಿದ್ದವು. ಆಗ ಅದು ಊರಾಚೆ. ಊರು ಬೆಳೆಯಿತು, ಜಾಗಕ್ಕೆ ಬೆಲೆ ಬಂತು, ಇನ್ನು ಇಲ್ಲಿ ಹೂಳುವ ಹಾಗಿಲ್ಲ ಅಂತಾಯಿತು. ಆಗ ಆ ಸಭೆಗಳು ಏನು ಮಾಡಿದವು ಗೊತ್ತಾ? ದಕ್ಷಿಣಕ್ಕೆ ಕೋಲ್ಮಾದಲ್ಲಿ ಜಾಗ ತಗೊಂಡು, 1889ರಲ್ಲಿ ಹೊಸ ಸ್ಮಶಾನ ತೆರೆದು, ಹಳೇ ಗೋರಿಗಳನ್ನು ತೆಗೆಸಿ ರೈಲಿನಲ್ಲಿ ಅಲ್ಲಿಗೆ ಸಾಗಿಸಿದವು. ಕದಲಿಸಬಾರದು ಅನ್ನುವ ಜನ, ಬೇರೆ ದಾರಿಯೇ ಇಲ್ಲದಾಗ, ತಾವೇ ನಿಂತು ಆ ಕೆಲಸ ಮಾಡಿಸಿದರು. ಖಾಲಿ ಜಾಗವನ್ನು 1905ರಲ್ಲಿ ನಗರ ಕೊಂಡಿತು. ಮರುವರ್ಷ ಭೂಕಂಪ ಆದಾಗ ಮನೆ ಕಳೆದುಕೊಂಡವರು ಅಲ್ಲೇ ಬಿಡಾರ ಹೂಡಿದರು.

ಅದೇ ಊರಿನ ಬೇರೆ ದೊಡ್ಡ ಸ್ಮಶಾನಗಳ ಕತೆ ಕೇಳಿ. 1930-40ರ ದಶಕದಲ್ಲಿ ಅವನ್ನೂ ಖಾಲಿ ಮಾಡಿಸಿದರು. ಸಂಬಂಧಿಕರು ಬಂದು ದುಡ್ಡು ಕೊಟ್ಟರೆ ಗೋರಿಕಲ್ಲೂ ಹೊಸ ಜಾಗಕ್ಕೆ ಹೋಗುತ್ತಿತ್ತು. ಯಾರೂ ಬರದಿದ್ದರೆ ಕಲ್ಲು ಒಡೆದು ಕಟ್ಟುವ ಸಾಮಾನು ಮಾಡುತ್ತಿದ್ದರು. ಬ್ಯೂನಾ ವಿಸ್ಟಾ ಪಾರ್ಕಿಗೆ ಹೋಗಿ, ಕಾಲುದಾರಿಯ ಪಕ್ಕದ ಮಳೆನೀರಿನ ಚರಂಡಿ ಬಗ್ಗಿ ನೋಡಿ. ಬಿಳೀ ಅಮೃತಶಿಲೆಯ ಚೂರುಗಳನ್ನು ಜೋಡಿಸಿದ್ದಾರೆ. ಕೆಲವು ಚೂರು ಮುಖ ಮೇಲಾಗಿ ಕೂತಿವೆ, ಅರ್ಧ ಹೆಸರು, ಒಂದೆರಡು ಅಂಕಿ ಕಾಣುತ್ತವೆ, ಮೇಲೆ ಎಲೆ, ಕೆಸರು. ಯಾರದೋ ಅಪ್ಪನದು, ಯಾರದೋ ಮಗುವಿನದು. ನನಗೆ ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ವಾರಸುದಾರ ಇಲ್ಲ ಅಂದರೆ ಏನಾಗುತ್ತದೆ ಅನ್ನೋದು ಇದೇ.

ಬೆಟ್ಟದ ಊರುಗಳಿಗೂ ಇದೇ ಗತಿ ಬರೋದಿತ್ತು. ಚಿನ್ನ ಮುಗಿಯಿತು, ಅಂಗಡಿ ಮುಚ್ಚಿತು, ಮಕ್ಕಳು ದೊಡ್ಡ ಊರು ಸೇರಿದರು. ಸಂಘದಲ್ಲಿ ಸಹಿ ಹಾಕೋಕೂ ಜನ ಉಳಿಯಲಿಲ್ಲ. 1960ರ ದಶಕದಲ್ಲಿ ಬರ್ಕ್ಲಿಯ ಮ್ಯಾಗ್ನೆಸ್ ಮ್ಯೂಸಿಯಂನ ಸೀಮೋರ್ ಫ್ರೋಮರ್ ಮತ್ತು ಅವರ ಜೊತೆಯವರು ಇದಕ್ಕೇ ಅಂತ ಒಂದು ಸಮಿತಿ ಮಾಡಿದರು. ಸೊನೋರಾ, ಜಾಕ್ಸನ್, ಮೊಕಲಮಿ ಹಿಲ್, ಪ್ಲಾಸರ್‌ವಿಲ್, ಗ್ರಾಸ್ ವ್ಯಾಲಿ, ನೆವಾಡಾ ಸಿಟಿ, ಮೇರಿಸ್‌ವಿಲ್, ಈ ಏಳು ಸ್ಮಶಾನಗಳ ಹೊಣೆ ಹೊತ್ತರು. ಕಳೆ ಕೀಳಿಸೋದು, ಗೋಡೆ ರಿಪೇರಿ ಎಲ್ಲ ಆಮೇಲಿನ ಮಾತು. ಮೊದಲು ಕೇಳಬೇಕಾದ್ದು, ಜಾಗ ಯಾರ ಹೆಸರಲ್ಲಿದೆ? ಪತ್ರ ಸರಿ ಇಲ್ಲದಿದ್ದರೆ ಬೇಲಿ ಹಾಕೋಕೂ ಆಗೋದಿಲ್ಲ.

ಸಮಯ ಆಗುತ್ತಾ ಬಂತು, ಬೇಗ ಹೇಳುತ್ತೇನೆ. ಆ ಸ್ಮಶಾನಗಳಿಗೆ ಹೋದರೆ ಗೋರಿಕಲ್ಲಿನ ಮೇಲ್ಭಾಗ ನೋಡಿ. ಬೆರಳು ಅಗಲಿಸಿದ ಎರಡು ಅಂಗೈ ಕೆತ್ತಿದ್ದರೆ ಅದು ಪುರೋಹಿತರ ಮನೆತನ, ಹೂಜಿ ಇದ್ದರೆ ಲೇವಿಯರದು, ಅಂದರೆ ಪುರೋಹಿತರಿಗೆ ನೆರವಾಗುತ್ತಿದ್ದ ಮನೆತನದವರದು. ಅಕ್ಷರ ಕಾಣಿಸಲಿ ಅಂತ ಸೀಮೆಸುಣ್ಣ, ಶೇವಿಂಗ್ ಕ್ರೀಮ್ ದಯವಿಟ್ಟು ಬಳಿಯಬೇಡಿ. ಬ್ಲೀಚು, ತಂತಿ ಬ್ರಷ್ಷು ಅಂತೂ ಬೇಡವೇ ಬೇಡ. ಬಿದ್ದ ಕಲ್ಲನ್ನು ಸುಮ್ನೆ ಎತ್ತಿ ಸಿಮೆಂಟ್ ಹಾಕಬೇಡಿ. ಹಳೇ ಅಮೃತಶಿಲೆಗಿಂತ ಸಿಮೆಂಟ್ ಗಟ್ಟಿ, ಮುಂದಿನ ಬಿರುಕು ಕಲ್ಲಿನಲ್ಲೇ ಬೀಳುತ್ತದೆ. ಸುಣ್ಣದ ಗಾರೆಯೇ ಆಗಬೇಕು, ಗೊತ್ತಿದ್ದವರೇ ಮಾಡಬೇಕು. ನೀವು ಒಂದು ಫೋಟೋ ತೆಗೆದು, ಯಾವ ಊರು, ಯಾವ ಸಾಲು ಅಂತ ಬರೆದು ಆ ಸಮಿತಿಗೆ ಕಳಿಸಿ. ನಮಸ್ಕಾರ.