ರೆಕ್ಕೆ ಮುರಿಯೋದು ಅಂಟು ಕಮ್ಮಿಯಾಗಿ ಅಲ್ಲ

ನಮಸ್ಕಾರ. ಇವತ್ತು ಬೇರೆ ವಿಷಯ ಇತ್ತು, ಪಕ್ಕಕ್ಕಿಟ್ಟಿದ್ದೀನಿ. ಹೋದ ವೀಡಿಯೋ ಕೆಳಗೆ ಒಬ್ಬರು ನಮ್ಮ ರಿಮೋಟ್ ಪ್ಲೇನ್‌ಗಳ ಬಗ್ಗೆ ಬರೆದಿದ್ದಾರೆ: "ಫೋಮ್ ಪ್ಲೇನ್‌ಗೆ ಕಾರ್ಬನ್ ಸ್ಪಾರ್ ದುಡ್ಡು ದಂಡ. ಹಾಟ್ ಗ್ಲೂ ಧಾರಾಳವಾಗಿ ಹಾಕಿ ಟೇಪ್ ಸುತ್ತಿ, ಕಲ್ಲಿನ ಹಾಗಿರುತ್ತೆ." ಅದಕ್ಕೆ ಲೈಕ್ ಬೇರೆ! ಸ್ಪಾರ್ ಅಂದ್ರೆ ರೆಕ್ಕೆಯ ಉದ್ದಕ್ಕೆ ಕೂರಿಸೋ ಗಟ್ಟಿ ಕಡ್ಡಿ.

ಕಲ್ಲಿನ ಹಾಗೇ ಇರುತ್ತೆ ಸ್ವಾಮಿ, ಕಲ್ಲಿನ ಹಾಗೇ ಕೆಳಗೂ ಬೀಳುತ್ತೆ. ಅಂಟು ಎರಡು ತುಂಡನ್ನ ಹಿಡಿದಿಡುತ್ತೆ ಅಷ್ಟೇ. ರೆಕ್ಕೆ ಬಾಗದ ಹಾಗೆ ತಡೆಯೋದು ಸ್ಪಾರ್.

ಲೆಕ್ಕ ಹಾಕಿ. 1 ಮೀಟರ್ ರೆಕ್ಕೆ, 800 ಗ್ರಾಂ ತೂಕದ ಟ್ರೈನರ್, ಅಂದ್ರೆ ಕಲಿಯೋರ ಪ್ಲೇನ್. 60 ಡಿಗ್ರಿ ವಾಲಿಸಿ, ಎತ್ತರ ಬಿಡದೆ ತಿರುಗಿಸಿದ್ರೆ ರೆಕ್ಕೆ ಹೊರೋದು 1.6 ಕೆಜಿ. ಡೈವ್‌ನಿಂದ 4 ಜಿ, ಅಂದ್ರೆ ತೂಕದ ನಾಲ್ಕು ಪಟ್ಟು ಭಾರ ಬೀಳೋ ಹಾಗೆ, ಎಳೆದು ಎತ್ತಿದ್ರೆ 3.2 ಕೆಜಿ. ಆಗ ರೆಕ್ಕೆಯ ತಳ ಹಿಗ್ಗುತ್ತೆ, ಮೇಲ್ಮೈ ಕುಗ್ಗುತ್ತೆ, ಅದೂ ರೆಕ್ಕೆ ಮೈಗೆ ಸೇರೋ ಬುಡದಲ್ಲೇ ಜಾಸ್ತಿ. ತಳದ ಎಳೆತಕ್ಕೆ ಫೈಬರ್ ಟೇಪ್ ಆಗುತ್ತೆ, ಒಪ್ಪಿದೆ. ಮೇಲ್ಗಡೆ? ಫೋಮ್ ಜೊತೆ ಟೇಪೂ ಸುಕ್ಕಾಗುತ್ತೆ. ಆ ಸುಕ್ಕಿನ ಗೆರೆಯಲ್ಲೇ ರೆಕ್ಕೆ ಮಡಚೋದು.

ತೂಕ ನೋಡೋಣ. 11 ಎಂಎಂ ದಪ್ಪ, 20 ಸೆಂ.ಮೀ. ಉದ್ದದ ಗ್ಲೂ ಸ್ಟಿಕ್ ಸುಮಾರು 18 ಗ್ರಾಂ. ಹೊರಗೆ 6, ಒಳಗೆ 4 ಎಂಎಂ ಇರೋ ಕಾರ್ಬನ್ ಟ್ಯೂಬ್ 60 ಸೆಂ.ಮೀ. ತಗೊಂಡ್ರೆ ಸುಮಾರು 15 ಗ್ರಾಂ! ಒಂದು ಸ್ಟಿಕ್ ಕರಗಿಸೋ ತೂಕದಲ್ಲಿ ಸ್ಪಾರೇ ಬಂತಲ್ಲ. ಬಾಲಕ್ಕೆ ಗ್ಲೂ ಸುರಿಯೋರಿಗೆ ಇನ್ನೊಂದು ಮಾತು: ಸಿಜಿ, ಅಂದ್ರೆ ಪ್ಲೇನ್ ಸಮತೂಗಿ ನಿಲ್ಲೋ ಬಿಂದುವಿನಿಂದ ಬಾಲ 60 ಸೆಂ.ಮೀ., ಮೂತಿ 20 ಸೆಂ.ಮೀ. ಇದ್ರೆ, ಬಾಲದ 10 ಗ್ರಾಂಗೆ ಮೂತಿಯಲ್ಲಿ 30 ಗ್ರಾಂ ಸೀಸ ಕಟ್ಟಬೇಕು. ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲಿಟ್ರೆ ಅದೇ ಗ್ಲೂ ಮೆತ್ತಗಾಗುತ್ತೆ.

ಸ್ಪಾರ್ ಕೂರಿಸೋ ಜಾಗ ರೆಕ್ಕೆ ಅತಿ ದಪ್ಪ ಇರೋ ಕಡೆ, ಮುಂದಿನ ಅಂಚಿನಿಂದ ಅಗಲದ ಸುಮಾರು 30 ಪರ್ಸೆಂಟ್‌ನಲ್ಲಿ. ಟ್ಯೂಬ್ ಹಿಡಿಯುವಷ್ಟೇ ಅಗಲದ ಕಾಲುವೆ ಕೊರೀರಿ. ಟ್ಯೂಬನ್ನ 220 ನಂಬರ್ ಉಪ್ಪುಕಾಗದದಲ್ಲಿ ಉಜ್ಜಿ, ಇಲ್ಲಾಂದ್ರೆ ಎಪಾಕ್ಸಿ (ಎರಡು ಭಾಗ ಬೆರೆಸಿ ಹಾಕೋ ಅಂಟು) ಕಚ್ಚಲ್ಲ. ಮಾಸ್ಕ್ ಹಾಕ್ಕೊಳ್ಳಿ, ಕಾರ್ಬನ್ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. 30 ನಿಮಿಷದ ಎಪಾಕ್ಸಿ ತೆಳುವಾಗಿ ಸವರಿ, ಉಕ್ಕಿದ್ದನ್ನ ಒರೆಸಿ ತೆಗೀರಿ. ಥರ್ಮಾಕೋಲ್ ಆದ್ರೆ ಫೆವಿಕ್ವಿಕ್ ಮುಟ್ಟಬೇಡಿ, ಕರಗಿ ಗುಂಡಿ ಬೀಳುತ್ತೆ. ಟ್ಯೂಬ್ ಎಡದಿಂದ ಬಲಕ್ಕೆ ಒಂದೇ ತುಂಡಾಗಿ ಹಾಯಬೇಕು. ನಡುವೆ ಜೋಡಿಸಿದ್ರೆ ಭಾರ ಅತಿ ಹೆಚ್ಚಿರೋ ಜಾಗದಲ್ಲೇ ಜಾಯಿಂಟ್ ಇಟ್ಟ ಹಾಗೆ. ರಿಸೀವರ್ ಆಂಟೆನಾ ಕಾರ್ಬನ್‌ನಿಂದ ದೂರ ಇರಲಿ, ಸಿಗ್ನಲ್ ತಡೆಯುತ್ತೆ. ಇನ್ನೂ ಗಟ್ಟಿ ಬೇಕಾ? 5×1 ಎಂಎಂ ಕಾರ್ಬನ್ ಪಟ್ಟಿ ಮೇಲೊಂದು, ಕೆಳಗೊಂದು. ಎರಡೂ ಸೇರಿದ್ರೂ ಟ್ಯೂಬ್‌ಗಿಂತ ಹಗುರ, ನಡುವೆ ಅಂತರ ಇರೋದ್ರಿಂದ ಬಾಗೋದು ಎಷ್ಟೋ ಕಮ್ಮಿ. ಇದರ ಡ್ರಾಯಿಂಗ್ ಡಿಸ್ಕ್ರಿಪ್ಶನ್‌ನಲ್ಲಿದೆ. ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ.

"ಇಪಿಪಿ ಫೋಮ್ ಬಾಗುತ್ತೆ, ಮುರಿಯಲ್ಲ" ಅಂತೀರಾ? ಬಾಗಿ ತಿರುಚಿಕೊಳ್ಳೋ ರೆಕ್ಕೆಯಲ್ಲಿ ಏಲೆರಾನ್, ಅಂದ್ರೆ ಪ್ಲೇನ್ ವಾಲಿಸೋ ಹಿಂದಂಚಿನ ಪಟ್ಟಿ, ನಿಮ್ಮ ಮಾತು ಕೇಳಲ್ಲ! "ಕಾರ್ಬನ್ ದುಬಾರಿ" ಅಂತೀರಾ? ಬಿದಿರು ಹಾಕಿ! ಆಷಾಢದಲ್ಲಿ ಗಾಳಿಪಟ ಕಟ್ಟೋ ಹುಡುಗ ಬಿದಿರು ಕಡ್ಡಿ ಸೀಳ್ತಾನೆ. ಕಡ್ಡಿ ಬೇಡ, ಗೋಂದು ಜಾಸ್ತಿ ಮೆತ್ತುತೀನಿ ಅಂತಾನಾ? ಅಷ್ಟು ಚಿಕ್ಕ ಹುಡುಗನಿಗೆ ಗೊತ್ತಿರೋದು ನಿಮಗೆ ಯಾಕೆ ಗೊತ್ತಾಗಲ್ಲ ಸ್ವಾಮಿ? ಸ್ಪಾರ್ ಹಾಕಿ! ಮೊದಲು ಸ್ಪಾರ್, ಆಮೇಲೆ ಟೇಪ್, ಪೇಂಟು, ಎಲ್ಇಡಿ, ಏನಾದ್ರೂ ಹಾಕ್ಕೊಳ್ಳಿ!

ಮುಂದಿನ ವಾರ ಮೋಟರ್ ಕೂರಿಸೋ ಫೈರ್‌ವಾಲ್, 3 ಎಂಎಂ ಪ್ಲೈವುಡ್‌ನಲ್ಲಿ. ತಪ್ಪಿಸ್ಬೇಡಿ.

ಕಾಮೆಂಟ್ ಹಾಕಿದವರೇ, ಬ್ಯಾಟರಿ ಸಮೇತ ನಿಮ್ಮ ಪ್ಲೇನನ್ನ ಎರಡೂ ರೆಕ್ಕೆತುದಿ ಹಿಡಿದು ಎತ್ತಿ. ನೆಟ್ಟಗೆ ಹಾರುವಾಗ ಬುಡವನ್ನ ಬಾಗಿಸೋ ಒತ್ತಡದ ಸುಮಾರು ಎರಡರಷ್ಟು ಆಗ ಬೀಳುತ್ತೆ, ಅಷ್ಟೇ. ಅದನ್ನ ವೀಡಿಯೋ ಮಾಡಿ ಕಳಿಸಿ. ಕಾಯ್ತಿರ್ತೀನಿ.