ಸೂಜಿ ಚುಚ್ಚಿದರೆ ಮುಚ್ಚಿಡಬೇಡಿ

ಶಿವಮೊಗ್ಗದಲ್ಲಿ ಅಂತಿಮ ವರ್ಷದ ನರ್ಸಿಂಗ್ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ

ಎಲ್ಲರಿಗೂ ನಮಸ್ಕಾರ.

ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾದವರದ್ದು 3 ವರ್ಷದ ಓದು, ಬಿಎಸ್ಸಿಯವರದ್ದು 4 ವರ್ಷ. ಪಾಸಾದ ಕೂಡಲೇ ವಾರ್ಡಿಗೆ ಹೋಗಬಹುದು ಅಂತ ನಿಮ್ಮಲ್ಲಿ ಕೆಲವರು ಅಂದುಕೊಂಡಿರಬಹುದು. ಹಾಗಿಲ್ಲ. ಮೊದಲು ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಣಿಯಾಗಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಎರಡರಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ಅಂತ ಈಗಲೇ ನೋಡಿಕೊಳ್ಳಿ. ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸುವುದನ್ನೂ ಮರೆಯಬೇಡಿ.

ಆ ಸರ್ಟಿಫಿಕೇಟ್ ಇದ್ದರೆ ರೋಗಿಯನ್ನು ಮುಟ್ಟುವ ಹಕ್ಕು ಸಿಗುತ್ತದೆ. ಆದರೆ ನಿಮ್ಮ ಮೈಯನ್ನು ಅದು ಕಾಯುವುದಿಲ್ಲ. ನಾನು ಜಾಸ್ತಿ ಹೇಳಬೇಕಾಗಿರುವುದು ಅದರ ಬಗ್ಗೆಯೇ.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದವು. ಮಂಗನ ಕಾಯಿಲೆ ಗೊತ್ತಾಗಿದ್ದು ಆಗಲೇ. ಚಳಿಗಾಲ ಶುರುವಾಗಿ ಮಳೆ ಬರುವವರೆಗೆ ದರಗು ಗುಡಿಸಲು, ಸೌದೆ ತರಲು ಹೋದವರು ಉಣುಗು ಕಚ್ಚಿಸಿಕೊಂಡು ಜ್ವರ ಹೊತ್ತು ಬರುತ್ತಾರೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ದಯವಿಟ್ಟು ಆ ರೋಗಿಯಿಂದ ದೂರ ನಿಂತು ಮಾತಾಡಬೇಡಿ, ಮೊದಲೇ ಹೆದರಿ ಬಂದಿರುತ್ತಾರೆ. ಆದರೆ ಜ್ವರದ ಮೊದಲ ದಿನಗಳಲ್ಲಿ ಅವರ ರಕ್ತದಲ್ಲಿ ವೈರಸ್ ಇರುತ್ತದೆ. ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರಿಗೆ ಈ ರೋಗ ತಗುಲಿದ್ದೂ ಇದೆ. ಹಾಗಾಗಿ ರಕ್ತ ತೆಗೆಯುವಾಗ ಗ್ಲೌಸ್ ಬೇಕೇ ಬೇಕು.

ಈಗ ಸೂಜಿಯ ವಿಷಯ. ರಾತ್ರಿ ಪಾಳಿ, ಜ್ವರದ ನಡುಕದಲ್ಲಿ ರೋಗಿ ಕೈ ಎಳೆದುಕೊಳ್ಳುತ್ತಾರೆ. ರಕ್ತ ತೆಗೆದಾಯಿತು. ಒಂದು ಕೈಯಲ್ಲಿ ಸಿರಿಂಜ್, ಇನ್ನೊಂದು ಕೈ ತಾನಾಗಿಯೇ ಕ್ಯಾಪ್ ಹುಡುಕುತ್ತದೆ. ಚುಚ್ಚುವುದು ಅಲ್ಲೇ! ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ. ಬಳಸಿದ ಸೂಜಿ ಹಾಕುವ ಬಿಳಿ ಡಬ್ಬವನ್ನು ಮೊದಲೇ ಮಂಚದ ಪಕ್ಕಕ್ಕೆ ತಂದಿಟ್ಟುಕೊಳ್ಳಿ. ಮುಕ್ಕಾಲು ತುಂಬಿದ ಡಬ್ಬಕ್ಕೆ ಸೂಜಿ ತುರುಕಬೇಡಿ.

ಚುಚ್ಚಿಯೇಬಿಟ್ಟರೆ? ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಹಿಂಡಬೇಡಿ, ಬಾಯಿಗೆ ಇಟ್ಟು ಚೀಪಬೇಡಿ. ತಕ್ಷಣ ಡ್ಯೂಟಿ ಡಾಕ್ಟರಿಗೆ ಹೇಳಿ, ರಿಜಿಸ್ಟರಿನಲ್ಲಿ ಬರೆಸಿ. ಹೊಸ ಸಿಸ್ಟರ್‌ಗಳು ಬೈಗುಳಕ್ಕೆ ಹೆದರಿ ಸುಮ್ನೆ ಇದ್ದುಬಿಡುತ್ತಾರೆ. ನನಗೆ ತುಂಬಾ ಸಂಕಟವಾಗುವುದು ಇಲ್ಲೇ. ಎಚ್‌ಐವಿ ಇರುವವರ ಸೂಜಿ ಚುಚ್ಚಿದರೆ ಸೋಂಕು ತಗಲುವುದು ಸುಮಾರು 1000ಕ್ಕೆ 3 ಮಂದಿಗೆ ಮಾತ್ರ. ಅದನ್ನೂ ತಡೆಯಲು 28 ದಿನದ ಮಾತ್ರೆಗಳಿವೆ. ಆದರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು. ಸುಮ್ನೆ ಕೂತರೆ ಆ ಗಂಟೆಗಳೇ ಕೈತಪ್ಪುತ್ತವೆ, ಅಲ್ವಾ?

ಹೆಪಟೈಟಿಸ್ ಬಿ ಇನ್ನೂ ಅಪಾಯಕಾರಿ. ಲಸಿಕೆ ಹಾಕಿಸಿಕೊಳ್ಳದವರಲ್ಲಿ 100ಕ್ಕೆ 30ರವರೆಗೂ ತಗಲಬಹುದು. ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಮೂರನೆಯದನ್ನು ಬಿಟ್ಟವರು ಇಲ್ಲೇ ಇದ್ದೀರಿ ಅಂತ ನನಗೆ ಅನ್ನಿಸುತ್ತದೆ. ಅದನ್ನು ಮುಗಿಸಿ, ಒಂದೆರಡು ತಿಂಗಳ ಮೇಲೆ ಟೈಟರ್ ಪರೀಕ್ಷೆಯನ್ನೂ, ಅಂದರೆ ಲಸಿಕೆಯಿಂದ ರಕ್ಷಣೆ ಬಂದಿದೆಯಾ ಅಂತ ನೋಡುವ ರಕ್ತಪರೀಕ್ಷೆಯನ್ನೂ ಮಾಡಿಸಿ.

ಕೆಲಸಕ್ಕೆ ಸೇರಿದ ದಿನ ಸಂಬಳದ ಜೊತೆಗೆ ಇದನ್ನೂ ಕೇಳಿ: ರಾತ್ರಿ ಎರಡು ಗಂಟೆಗೆ ಸೂಜಿ ಚುಚ್ಚಿದರೆ ಆ ಮಾತ್ರೆ ಎಲ್ಲಿ ಸಿಗುತ್ತದೆ, ಆ ಬೀರುವಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ?