ಬೆಂಚಿಗೆ ದಾನಿಯ ಹೆಸರು ಸರಿ, ಸೇತುವೆಗೆ?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಊರುಗಳ ಬಸ್ ಸ್ಟಾಂಡಿನಲ್ಲಿ, ಆಸ್ಪತ್ರೆಯ ಅಂಗಳದಲ್ಲಿ, ಅರಳಿಕಟ್ಟೆಯ ಪಕ್ಕದಲ್ಲಿ ಕಲ್ಲುಬೆಂಚು ಇರುತ್ತದೆ. ಒರಗುವ ಕಡೆ ಇಂಥವರ ಜ್ಞಾಪಕಾರ್ಥ ಅಂತ ಬರೆದಿರುತ್ತದೆ. ಅದನ್ನು ಓದಿ ಯಾರೂ ಮುಖ ಸಿಂಡರಿಸುವುದಿಲ್ಲ. ಕೂರೋಕೆ ಜಾಗ ಸಿಕ್ಕಿತಲ್ಲ, ಪುಣ್ಯಾತ್ಮರು ಹಾಕಿಸಿದ್ದಾರೆ ಅಂದುಕೊಳ್ಳುತ್ತೇವೆ. ಆದರೆ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಪ್ಪಕ್ಷರದಲ್ಲಿ ಸೇವಾರ್ಥ ಅಂತ ಬರೆಸಿದರೆ, ಬೆಳಕಿಗಿಂತ ಹೆಸರೇ ಜಾಸ್ತಿ ಆಯ್ತಲ್ಲ ಅಂತ ನಗುತ್ತೇವೆ.

ಹಾಗಾದರೆ ಹಳೆಯ ಸೇತುವೆಯ ರಿಪೇರಿಗೆ ದುಡ್ಡು ಕೊಟ್ಟವರ ಹೆಸರನ್ನು ಸೇತುವೆಗೇ ಇಡಬಹುದಾ? ಈ ಹೆಸರಿನ ಲೆಕ್ಕಾಚಾರ ದೊಡ್ಡ ನಗರದ ದೊಡ್ಡ ಪಾರ್ಕಿನಲ್ಲಿ ಹೇಗೆ ನಡೆಯುತ್ತದೆ ಅಂತ ಇವತ್ತು ನೋಡೋಣ. ಊರು ನ್ಯೂಯಾರ್ಕ್. ಜಾಗ ಸೆಂಟ್ರಲ್ ಪಾರ್ಕ್. 843 ಎಕರೆಯ ಈ ತೋಟದಲ್ಲಿ ಸುಮಾರು 36 ಹಳೆಯ ಸೇತುವೆಗಳು ಮತ್ತು ಕಮಾನುಗಳಿವೆ. ಒಂದರಂತೆ ಇನ್ನೊಂದು ಇಲ್ಲ. ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗಿಬಂದ ಅಪ್ಪ ಅಮ್ಮಂದಿರು ಇವುಗಳಲ್ಲಿ ಒಂದಾದರೂ ಸೇತುವೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡೇ ಇರುತ್ತಾರೆ.

ಇಷ್ಟೊಂದು ಸೇತುವೆ ಯಾಕೆ ಬೇಕಾಯಿತು? ಅದಕ್ಕೆ ಒಂದು ಜಗಳ ಕಾರಣ. 1857ರಲ್ಲಿ ಪಾರ್ಕಿನ ವಿನ್ಯಾಸಕ್ಕೆ ಸ್ಪರ್ಧೆ ಇಟ್ಟರು. ಮರುವರ್ಷ ಗೆದ್ದವರು ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್. ಗೆದ್ದ ಮೇಲೆ ಪಾರ್ಕ್ ಮಂಡಳಿಯ ಕೆಲವು ಸದಸ್ಯರು ತಕರಾರು ತೆಗೆದರು. ಕುದುರೆ ಸವಾರರಿಗೆ ಬೇರೆ ದಾರಿ ಬೇಕು ಅಂದರು. ಕೆರೆಯ ಮೇಲೆ ತೂಗುಸೇತುವೆ ಬೇಕು ಅಂದರು. ವಿನ್ಯಾಸಕಾರರು ತೂಗುಸೇತುವೆಯನ್ನು ಹೇಗೋ ತಪ್ಪಿಸಿದರು, ಆದರೆ ದಾರಿಯ ಮಾತನ್ನು ಒಪ್ಪಿಕೊಂಡರು. ನಡೆಯುವವರಿಗೆ ಒಂದು, ಕುದುರೆಗೆ ಒಂದು, ಸಾರೋಟಿಗೆ ಒಂದು ದಾರಿ. ಊರಿನ ಗಾಡಿಗಳು ಅಡ್ಡ ದಾಟಲು ನೆಲದ ಮಟ್ಟಕ್ಕಿಂತ ಕೆಳಗೆ ನಾಲ್ಕು ರಸ್ತೆ. ಒಂದು ದಾರಿ ಇನ್ನೊಂದನ್ನು ಮುಟ್ಟದೆ ಹಾದುಹೋಗಬೇಕಾದರೆ ಕಮಾನು ಕಟ್ಟಲೇಬೇಕು, ಅಲ್ವಾ? ಹಾಗಾಗಿ ವಾಕ್ಸ್ ಮತ್ತು ಅವರ ಜೊತೆಗಾರ ಜೇಕಬ್ ರೇ ಮೋಲ್ಡ್ ಒಂದರ ಹಿಂದೊಂದು ಸೇತುವೆಯ ನಕ್ಷೆ ಬರೆದರು.

ಎಲ್ಲಕ್ಕಿಂತ ಹೆಸರಾದದ್ದು ಬೋ ಬ್ರಿಡ್ಜ್. 1862ರಲ್ಲಿ ಮುಗಿಯಿತು. ತೂಗುಸೇತುವೆ ಕೇಳಿದ್ದವರಿಗೆ ಕೊಟ್ಟ ಸಮಾಧಾನ ಇದೇ. ನೀರಿನ ಮೇಲೆ ಬಾಗಿದ ಬಿಲ್ಲಿನಂತೆ ನಿಂತಿದೆ, ಮೈಯ ಬಹುಪಾಲು ಎರಕದ ಕಬ್ಬಿಣ. ವಾಷಿಂಗ್ಟನ್ನಿನ ಸಂಸತ್ ಭವನದ ಗುಮ್ಮಟವನ್ನು ಎರಕ ಹೊಯ್ದ ಕಾರ್ಖಾನೆಯವರೇ ಇದನ್ನೂ ಮಾಡಿದರು. ಬೇಸಿಗೆಯಲ್ಲಿ ಕಬ್ಬಿಣ ಹಿಗ್ಗುತ್ತದೆ, ಅದಕ್ಕಾಗಿ ಸೇತುವೆಯ ಒಂದು ತುದಿಯನ್ನು ಫಿರಂಗಿ ಗುಂಡುಗಳ ಮೇಲೆ ಕೂರಿಸಿದ್ದಾರೆ ಅಂತ ಬಹಳ ವರ್ಷ ಜನ ಹೇಳಿಕೊಂಡು ಬಂದಿದ್ದರು. 1974ರಲ್ಲಿ ರಿಪೇರಿಗೆ ಬಿಚ್ಚಿ ನೋಡಿದರೆ ಗುಂಡೂ ಇಲ್ಲ, ಗುಂಡಿನ ಗುರುತೂ ಇಲ್ಲ. ಕಥೆ ಮಾತ್ರ ಇನ್ನೂ ಓಡಾಡುತ್ತಿದೆ.

ಆ ರಿಪೇರಿಗೆ ದುಡ್ಡು ಕೊಟ್ಟವರು ಇಬ್ಬರು ಹೆಂಗಸರು, ಲೂಸಿ ಮೋಸೆಸ್ ಮತ್ತು ಲೀಲಾ ಅಚೆಸನ್ ವಾಲೆಸ್. ಇಬ್ಬರೂ ದೊಡ್ಡ ದಾನಿಗಳು. ಬೇಕೆಂದಿದ್ದರೆ ಹೆಸರಿಗಾಗಿ ಪಟ್ಟು ಹಿಡಿಯಬಹುದಿತ್ತು. ಆದರೂ ಸೇತುವೆ ಇವತ್ತಿಗೂ ಬೋ ಬ್ರಿಡ್ಜ್ ಆಗಿಯೇ ಇದೆ. ನನಗೆ ಹಿಡಿಸಿದ್ದು ಇದೇ.

ಆ ಕಾಲದಲ್ಲಿ ದುಡ್ಡು ಎಷ್ಟು ಅಗತ್ಯವಿತ್ತು ಅನ್ನೋದನ್ನೂ ಹೇಳಬೇಕು. 1975ರಲ್ಲಿ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದಿತ್ತು. ಪಾರ್ಕಿನ ಹುಲ್ಲು ಒಣಗಿ ಮಣ್ಣಾಗಿತ್ತು, ಕಮಾನುಗಳ ಮೇಲೆಲ್ಲ ಗೀಚು ಬರಹ, ಸಂಜೆಯಾದರೆ ಒಳಗೆ ಕಾಲಿಡಲು ಭಯ. 1980ರಲ್ಲಿ ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಹುಟ್ಟಿತು. ಖಾಸಗಿ ದಾನ ಎತ್ತಿ ಸಾರ್ವಜನಿಕ ತೋಟ ನೋಡಿಕೊಳ್ಳುವುದು ಅದರ ಕೆಲಸ. ಇವತ್ತು ಪಾರ್ಕಿನ ಖರ್ಚಿನ ಬಹುಪಾಲು ಅದರ ಕೈಯಿಂದಲೇ ಬರುತ್ತದೆ. 2012ರಲ್ಲಿ ಜಾನ್ ಪಾಲ್ಸನ್ ಎಂಬ ಹೂಡಿಕೆದಾರ ಒಬ್ಬರೇ 10 ಕೋಟಿ ಡಾಲರ್ ಕೊಟ್ಟರು. ಹಾಗಾಗಿ ಶ್ರೀಮಂತರ ದುಡ್ಡೇ ಬೇಡ ಅನ್ನುವ ಮಾತು ನಾನಾಡುವುದಿಲ್ಲ. ಆ ದುಡ್ಡು ಬರದಿದ್ದರೆ ಇವತ್ತು ಫೋಟೊ ತೆಗೆಸಿಕೊಳ್ಳಲು ಸೇತುವೆಗಳೇ ಇರುತ್ತಿರಲಿಲ್ಲವೋ ಏನೋ.

ಹಾಗಾದರೆ ಕೊಟ್ಟವರಿಗೆ ಏನು ಸಿಗಬೇಕು? ಸಂಸ್ಥೆ 1986ರಿಂದ ಬೆಂಚುಗಳನ್ನು ದತ್ತು ಕೊಡುತ್ತಿದೆ. ಪಾರ್ಕಿನಲ್ಲಿ ಸುಮಾರು 10,000 ಬೆಂಚುಗಳಿವೆ. ಅವುಗಳಲ್ಲಿ 7,000ಕ್ಕೂ ಹೆಚ್ಚಕ್ಕೆ ಯಾರಾದರೊಬ್ಬರು ದುಡ್ಡು ಕಟ್ಟಿದ್ದಾರೆ. ಒಂದಕ್ಕೆ 10,000 ಡಾಲರ್. ಬದಲಿಗೆ ಒರಗುವ ಹಲಗೆಯ ಮೇಲೆ ಅಂಗೈಗಿಂತ ಚಿಕ್ಕ ಲೋಹದ ಪಟ್ಟಿ. ಅದರಲ್ಲಿ ತೀರಿಕೊಂಡವರ ನೆನಪು, ಮದುವೆಗೆ ಕೇಳಿದ ನೆನಪು, ಸಾಕಿದ ನಾಯಿಯ ನೆನಪು. ದುಬಾರಿ ನಿಜ. ಆದರೆ ಆ ದುಡ್ಡು ಬೆಂಚುಗಳ ಮತ್ತು ಸುತ್ತಲಿನ ಜಾಗದ ನಿರ್ವಹಣೆಗೆ ಹೋಗುತ್ತದೆ. ಕೂತವರು ಮಾತ್ರ ಓದುತ್ತಾರೆ. ದೂರದಿಂದ ನೋಡಿದರೆ ಎಲ್ಲ ಬೆಂಚೂ ಒಂದೇ ಥರ.

ಸೇತುವೆ ಹಾಗಲ್ಲ. ಅದು ದಾರಿಯ ಗುರುತು. ಬೋ ಬ್ರಿಡ್ಜ್ ಹತ್ತಿರ ಸಿಗೋಣ ಅಂತ ಜನ ಹೇಳಿಕೊಳ್ಳುತ್ತಾರೆ. ಶುರುವಿನಲ್ಲಿ ಇವಕ್ಕೆಲ್ಲ ಬರೀ ನಂಬರ್ ಇತ್ತು, ಸೇತುವೆ 24, ಸೇತುವೆ 27, ಸೇತುವೆ 28 ಅಂತ. ಆಮೇಲೆ ಬಂದ ಹೆಸರುಗಳು ಆಕಾರದಿಂದ, ಕಲ್ಲಿನಿಂದ, ಅಕ್ಕಪಕ್ಕದ ಜಾಗದಿಂದ ಬಂದವು. ಗ್ರೇವ್ಯಾಕ್ ಆರ್ಚ್‌ಗೆ ಅದರ ಕಲ್ಲಿನ ಹೆಸರು. ಮಕ್ಕಳು ಡೇರಿ ಕಟ್ಟಡದಿಂದ ತಿರುಗುವ ಕುದುರೆಯಾಟಕ್ಕೆ ಓಡಲು ಮಾಡಿದ ಕಮಾನಿಗೆ ಪ್ಲೇಮೇಟ್ಸ್ ಆರ್ಚ್ ಅಂತ. ಉತ್ತರದ ಕಡೆ ಹಡಲ್‌ಸ್ಟೋನ್ ಆರ್ಚ್ ಇದೆ, 1866ರದ್ದು. ದೊಡ್ಡ ದೊಡ್ಡ ಬಂಡೆಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದಾರೆ. ಅದರ ಮೇಲೆ ರಸ್ತೆ ಹೋಗುತ್ತದೆ, ಕೆಳಗೆ ತೊರೆ ಹರಿಯುತ್ತದೆ. ಇದಕ್ಕೆ ಯಾವುದೋ ಬ್ಯಾಂಕಿನ ಹೆಸರಿಟ್ಟರೆ ಹೇಗಿರುತ್ತದೆ, ಸುಮ್ನೆ ಊಹಿಸಿ.

ಪಾರ್ಕಿನಲ್ಲಿ ದಾನಿಗಳ ಹೆಸರು ಇಲ್ಲವೇ ಇಲ್ಲ ಅಂತಲ್ಲ. ಹೊಸದಾಗಿ ಕಟ್ಟಿದವಕ್ಕೆ ಇಟ್ಟಿದ್ದಾರೆ. ಕೇಟ್ ವೊಲ್ಮನ್ 1949ರಲ್ಲಿ 6 ಲಕ್ಷ ಡಾಲರ್ ಕೊಟ್ಟರು, ಹಿಮದ ಮೇಲೆ ಜಾರುವ ವೊಲ್ಮನ್ ರಿಂಕ್ ಆಯಿತು. 1980ರಲ್ಲಿ ಅದನ್ನು ರಿಪೇರಿಗೆ ಮುಚ್ಚಿದರು. ನಗರದವರು ಆರು ವರ್ಷ ಎಳೆದಾಡಿದರೂ ಮುಗಿಯಲಿಲ್ಲ. 1986ರಲ್ಲಿ ಡೊನಾಲ್ಡ್ ಟ್ರಂಪ್ ವಹಿಸಿಕೊಂಡು ಕೆಲವೇ ತಿಂಗಳಲ್ಲಿ ಮುಗಿಸಿಕೊಟ್ಟರು. ಖರ್ಚು ನಗರದ್ದು, ಪ್ರಚಾರ ಅವರದು. ಮುಂದೆ ಅದನ್ನು ನಡೆಸುವ ಗುತ್ತಿಗೆಯೂ ಅವರ ಕಂಪನಿಗೆ ಸಿಕ್ಕಿ, ಅಲ್ಲಿ ಅವರ ಹೆಸರು ಎದ್ದು ಕಾಣುತ್ತಿತ್ತು. 2021ರಲ್ಲಿ ಆ ಗುತ್ತಿಗೆ ಮುಗಿಯಿತು, ಹೆಸರೂ ಹೋಯಿತು. ರಿಂಕ್ ಮಾತ್ರ ವೊಲ್ಮನ್ ಆಗಿಯೇ ಉಳಿಯಿತು. ಉತ್ತರ ತುದಿಯಲ್ಲಿದ್ದ ಲಾಸ್ಕರ್ ರಿಂಕ್ ಅಷ್ಟು ಅದೃಷ್ಟ ಮಾಡಿರಲಿಲ್ಲ. 1966ರಲ್ಲಿ ತೆರೆದಿದ್ದ ಆ ಕಟ್ಟಡವನ್ನು ಕೆಡವಿ, ಅಲ್ಲೇ 2025ರಲ್ಲಿ ಡೇವಿಸ್ ಸೆಂಟರ್ ತೆರೆದರು. ಕಟ್ಟಡದ ಜೊತೆ ಹೆಸರೂ ಹೋಯಿತು.

ಹೆಸರನ್ನು ಶಾಶ್ವತವಾಗಿ ಕೊಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಪಾರ್ಕಿನ ಹತ್ತಿರದ ಲಿಂಕನ್ ಸೆಂಟರ್ ಎಂಬ ಕಲಾಕೇಂದ್ರ ನೋಡಿ. 1973ರಲ್ಲಿ ಏವರಿ ಫಿಶರ್ 1 ಕೋಟಿ 5 ಲಕ್ಷ ಡಾಲರ್ ಕೊಟ್ಟರು, ಸಂಗೀತ ಸಭಾಂಗಣಕ್ಕೆ ಅವರ ಹೆಸರು ಬಂತು. ನಲವತ್ತು ವರ್ಷ ಕಳೆಯಿತು, ಸಭಾಂಗಣವನ್ನು ಹೊಸದು ಮಾಡಬೇಕು, ಹೊಸ ದಾನಿ ಬೇಕು. ಹಳೆಯ ಹೆಸರು ಅಡ್ಡ! ಕೊನೆಗೆ ಫಿಶರ್ ಕುಟುಂಬಕ್ಕೆ 1.5 ಕೋಟಿ ಡಾಲರ್ ಕೊಟ್ಟು ಹೆಸರು ಬಿಡಿಸಿಕೊಂಡರು. ಆಮೇಲೆ ಡೇವಿಡ್ ಗೆಫೆನ್ ಅವರ 10 ಕೋಟಿ ಡಾಲರಿಗೆ 2015ರಲ್ಲಿ ಅವರ ಹೆಸರಿಟ್ಟರು. ಕೊಟ್ಟದ್ದಕ್ಕಿಂತ ಹೆಚ್ಚನ್ನು ಕೊಟ್ಟು ವಾಪಸ್ ತಗೊಂಡ ವ್ಯವಹಾರ ಇದು.

ಜನರ ಬಾಯಿಯಂತೂ ಯಾರ ಮಾತೂ ಕೇಳುವುದಿಲ್ಲ. ಸೆಂಟ್ರಲ್ ಪಾರ್ಕಿನ ದಕ್ಷಿಣ ಬಾಗಿಲಿಗೆ ಬಂದು ಸೇರುವ ಸಿಕ್ಸ್ತ್ ಅವೆನ್ಯೂಗೆ 1945ರಲ್ಲೇ ಅವೆನ್ಯೂ ಆಫ್ ದಿ ಅಮೆರಿಕಾಸ್ ಅಂತ ಹೆಸರಿಟ್ಟರು. ನ್ಯೂಯಾರ್ಕಿನವರು ಇವತ್ತಿಗೂ ಸಿಕ್ಸ್ತ್ ಅವೆನ್ಯೂ ಅಂತಲೇ ಅನ್ನುತ್ತಾರೆ. ನಮ್ಮ ಬೆಂಗಳೂರಿನ ಕಬ್ಬನ್ ಪಾರ್ಕಿಗೂ 1927ರಿಂದ ಶ್ರೀ ಚಾಮರಾಜೇಂದ್ರ ಉದ್ಯಾನ ಅನ್ನೋ ಹೆಸರಿದೆ. ಆಟೋದವರಿಗೆ ಹಾಗೆ ಹೇಳಿ ನೋಡಿ!

ನನ್ನ ಲೆಕ್ಕ ಇಷ್ಟು. ಹಳೆಯ ಸೇತುವೆಗೆ ದುಡ್ಡು ಕೊಟ್ಟವರ ಹೆಸರು ಅದರ ಬುಡದಲ್ಲಿ ಚಿಕ್ಕ ಫಲಕದಲ್ಲಿರಲಿ. ಸೇತುವೆಯ ಹೆಸರು ಮುಟ್ಟಬೇಡಿ. ಕಮಾನಿನ ಮೇಲೆ ಕಂಪನಿಯ ಬಣ್ಣ ಬೇಡ. ದಾನಿಯ ಜೊತೆ ಮಾಡುವ ಕರಾರಿನಲ್ಲಿ ಒಂದು ಮಾತು ಖಂಡಿತ ಇರಬೇಕು, ಮುಂದಿನ ನಿರ್ವಹಣೆಗೂ ಒಂದು ನಿಧಿ ಇಡಬೇಕು ಅಂತ. ಉದ್ಘಾಟನೆಗೆ ದಾನಿ ಸುಲಭವಾಗಿ ಸಿಗುತ್ತಾರೆ. ಚಳಿಗಾಲದಲ್ಲಿ ಹಿಮ ಕರಗಿಸಲು ಚೆಲ್ಲುವ ಉಪ್ಪಿನಿಂದ ಕಬ್ಬಿಣ ತುಕ್ಕು ಹಿಡಿಯುತ್ತದೆ, ಕಲ್ಲಿನ ಸಂದಿಗೆ ಇಳಿದ ನೀರು ಹೆಪ್ಪುಗಟ್ಟಿ ಕಲ್ಲನ್ನು ಸೀಳುತ್ತದೆ, ಮರದ ಹಲಗೆ ಸವೆಯುತ್ತದೆ. ಆ ಚಿಲ್ಲರೆ ಕೆಲಸಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ಹೆಸರಿಡೋದರಲ್ಲಿ ಈ ಪಾರ್ಕಿನವರು ಮೊದಲೇ ಒಂದು ದಾರಿ ಹಾಕಿಕೊಂಡಿದ್ದರು. 1862ರಲ್ಲಿ ಬಾಗಿಲುಗಳಿಗೆ ಹೆಸರು ಆರಿಸುವಾಗ ರಾಜಕಾರಣಿಯನ್ನೂ ಸೇನಾಪತಿಯನ್ನೂ ಬಿಟ್ಟರು. ಕುಶಲಕರ್ಮಿಗಳ ಬಾಗಿಲು, ರೈತರ ಬಾಗಿಲು, ಗಣಿ ಕೆಲಸಗಾರರ ಬಾಗಿಲು, ಹೆಂಗಸರ ಬಾಗಿಲು, ಹುಡುಗಿಯರ ಬಾಗಿಲು, ಕೊನೆಗೆ ಪರಊರಿನವರಿಗೂ ಒಂದು ಬಾಗಿಲು ಇಟ್ಟರು. ದಕ್ಷಿಣದ ಬಾಗಿಲುಗಳಿಗೆ ರಿಚರ್ಡ್ ಮಾರಿಸ್ ಹಂಟ್ ಅರಮನೆಯಂಥ ನಕ್ಷೆ ಬರೆದಿದ್ದರು. ವಾಕ್ಸ್ ಒಪ್ಪಲಿಲ್ಲ, ಅವನ್ನು ಕಟ್ಟಲೂ ಇಲ್ಲ. ಹಾಗಾಗಿ ಗಿಡ್ಡ ಕಲ್ಲುಗೋಡೆಯ ನಡುವೆ ಬಿಟ್ಟ ಸಂದಿಗಳೇ ಇವತ್ತಿಗೂ ಬಾಗಿಲುಗಳು.

2022ರ ಡಿಸೆಂಬರಿನಲ್ಲಿ ಇನ್ನೊಂದು ಬಾಗಿಲಿಗೆ ಹೆಸರಿಟ್ಟರು. 1989ರಲ್ಲಿ ಪಾರ್ಕಿನಲ್ಲಿ ನಡೆದ ಅಪರಾಧಕ್ಕೆ ಐವರು ಕಪ್ಪು ಮತ್ತು ಲ್ಯಾಟಿನೊ ಹುಡುಗರನ್ನು ಜೈಲಿಗೆ ಹಾಕಿದ್ದರು. ಅವರು ಮಾಡಿಯೇ ಇರಲಿಲ್ಲ. 2002ರಲ್ಲಿ ಕೋರ್ಟು ಶಿಕ್ಷೆ ರದ್ದು ಮಾಡಿತು. ಅವರ ನೆನಪಿಗಾಗಿ, ದೋಷಮುಕ್ತರಾದವರ ಬಾಗಿಲು ಅಂತ ಕಲ್ಲಿನಲ್ಲಿ ಕೆತ್ತಿಸಿದರು. ಪಾರ್ಕಿನ ಉತ್ತರಕ್ಕಿರುವ ಹಾರ್ಲೆಮ್ ಬಡಾವಣೆಯ ಜನ ಕೂಡಿ ಕೇಳಿದ ಹೆಸರು ಅದು. ಆ ಬಾಗಿಲು 110ನೇ ಬೀದಿಯಲ್ಲಿ, ಫಿಫ್ತ್ ಅವೆನ್ಯೂ ಮತ್ತು ಮಾಲ್ಕಂ ಎಕ್ಸ್ ಬುಲೆವಾರ್ಡ್ ನಡುವೆ ಇದೆ. ಮಕ್ಕಳ ಮನೆಗೆ ಆ ಕಡೆ ಹೋಗುವವರು ಒಮ್ಮೆ ನೋಡಿ ಬನ್ನಿ. ಅಲ್ಲಿಂದ ಸ್ವಲ್ಪ ನಡೆದರೆ ಹಡಲ್‌ಸ್ಟೋನ್ ಆರ್ಚ್ ಸಿಗುತ್ತದೆ.

ನಮಸ್ಕಾರ.